ದುಡಿ, ಡಮರುಗ ಮತ್ತು ಹಸಿವಿನ ಚರಿತ್ರೆ: ದೇವರಗುಡ್ಡದ ಪರಂಪರೆಯ ಹಿನ್ನೆಲೆಯಲ್ಲಿ ‘ಚೋಮನ ದುಡಿ’ ಚಲನಚಿತ್ರ

೧. ಪ್ರವೇಶ

ಗ್ರಾಮೀಣ ಬಡತನದ ಚರಿತ್ರೆಯನ್ನು ಬರೆಯುವವರಿಗೆ ಆಕರಗಳ ಕೊರತೆಯೇ ಮೊದಲ ಸಮಸ್ಯೆ. ಶಾಸನಗಳು ದಾನ ಕೊಟ್ಟವರ ಹೆಸರನ್ನು ಹೇಳುತ್ತವೆ, ಕಂದಾಯದ ದಫ್ತರುಗಳು ಭೂಮಿಯುಳ್ಳವರ ಹೆಸರನ್ನು ಹೇಳುತ್ತವೆ. ಭೂಮಿಯಿಲ್ಲದವನು, ಸಾಲದಲ್ಲಿ ಹುಟ್ಟಿ ಸಾಲದಲ್ಲಿಯೇ ಸತ್ತವನು ಈ ಎರಡರಲ್ಲಿಯೂ ಕಾಣಿಸಿಕೊಳ್ಳುವುದು ವಿರಳ. ಅವನ ದನಿ ಉಳಿದಿರುವುದು ಹಾಡಿನಲ್ಲಿ, ಕುಣಿತದಲ್ಲಿ, ಹರಕೆಯಲ್ಲಿ, ವಾದ್ಯದಲ್ಲಿ. ಇಪ್ಪತ್ತನೆಯ ಶತಮಾನದಲ್ಲಿ ಇವುಗಳ ಸಾಲಿಗೆ ಚಲನಚಿತ್ರವೂ ಸೇರಿತು. ಆದರೆ ನಮ್ಮ ಜಾನಪದ ಅಧ್ಯಯನವು ಚಲನಚಿತ್ರವನ್ನು ಆಕರವೆಂದು ಒಪ್ಪಿಕೊಳ್ಳುವಲ್ಲಿ ಇಂದಿಗೂ ಹಿಂಜರಿಕೆಯನ್ನು ತೋರುತ್ತಿದೆ. ಅದು ಕಲ್ಪಿತ, ವ್ಯಾಪಾರಿ, ನಗರದ ಸೃಷ್ಟಿ ಎಂಬ ಕಾರಣಗಳನ್ನು ಮುಂದಿಡಲಾಗುತ್ತದೆ.

ಪ್ರಸ್ತುತ ಲೇಖನವು ಈ ಹಿಂಜರಿಕೆಯನ್ನು ಪ್ರಶ್ನಿಸುವ ಒಂದು ಪ್ರಯತ್ನ. ಇದಕ್ಕಾಗಿ ಎರಡು ನೆಲೆಗಳನ್ನು ಆಯ್ದುಕೊಳ್ಳಲಾಗಿದೆ. ಒಂದು, ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದ ಮಾಲತೇಶ ಪರಂಪರೆ. ಇನ್ನೊಂದು, ೧೯೭೫ರಲ್ಲಿ ಬಿ. ವಿ. ಕಾರಂತರು ನಿರ್ದೇಶಿಸಿದ ‘ಚೋಮನ ದುಡಿ’ ಚಲನಚಿತ್ರ. ಒಂದು ಬಯಲುಸೀಮೆಯದು, ಮತ್ತೊಂದು ಕರಾವಳಿಯದು. ಒಂದು ಆಚರಣೆ, ಮತ್ತೊಂದು ಕಥಾಚಿತ್ರ. ಆದರೂ ಎರಡರ ನಡುವೆಯೂ ಒಂದು ಚರ್ಮವಾದ್ಯವಿದೆ. ಆ ವಾದ್ಯವನ್ನು ಹಿಡಿದ ಕೈ ಬಡವನ ಕೈ. ಈ ಸಾಮ್ಯದಿಂದ ಹೊರಟು, ಎರಡರ ನಡುವಣ ವ್ಯತ್ಯಾಸವು ಬಡತನದ ಚರಿತ್ರೆಯ ಬಗೆಗೆ ಏನನ್ನು ಹೇಳುತ್ತದೆ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

೨. ದೇವರಗುಡ್ಡ: ಮಳೆಯನ್ನು ಕೇಳುವ ನೆಲ

ದೇವರಗುಡ್ಡವು ೧೯೯೭ರಲ್ಲಿ ಹಾವೇರಿ ಜಿಲ್ಲೆ ರೂಪುಗೊಳ್ಳುವವರೆಗೆ ಧಾರವಾಡ ಜಿಲ್ಲೆಗೆ ಸೇರಿತ್ತು. ಬ್ರಿಟಿಷರ ಕಾಲದಲ್ಲಿ ಅದು ಮುಂಬಯಿ ಪ್ರಾಂತದ ಭಾಗ. ಗುಡ್ಡದ ಮೇಲಣ ಮಾಲತೇಶನು ಮೈಲಾರಲಿಂಗನದೇ ರೂಪ. ಮಣಿಕಾಸುರ ಮಲ್ಲಾಸುರರನ್ನು ಕೊಂದ ವೀರನೆಂದು ಭಕ್ತರ ನಂಬಿಕೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರ, ಮಹಾರಾಷ್ಟ್ರದ ಜೇಜೂರಿಯ ಖಂಡೋಬಾ ಇವರೆಲ್ಲ ಒಂದೇ ಪರಂಪರೆಯ ವಿಸ್ತಾರದಲ್ಲಿ ಬರುತ್ತಾರೆ. ಕುರಿ ಕಾಯುವವರು, ಒಕ್ಕಲು ಮಕ್ಕಳು, ಕೂಲಿಕಾರರು, ವ್ಯಾಪಾರಿಗಳು ಎಲ್ಲರೂ ಈ ದೈವದ ಒಕ್ಕಲಿನಲ್ಲಿದ್ದಾರೆ. ಕಂಬಳಿ, ಕವಡೆಸರ, ಬಂಡಾರದ ಚೀಲ, ದೋಣಿ, ಡಮರುಗ ಇವು ಗೊರವನ ಲಾಂಛನಗಳು.

ಮಹಾನವಮಿಯ ಸಂದರ್ಭದಲ್ಲಿ ಇಲ್ಲಿ ಕಾರಣಿಕೋತ್ಸವ ನಡೆಯುತ್ತದೆ. ಉಪವಾಸ ವ್ರತದಲ್ಲಿದ್ದ ಗೊರವಯ್ಯನು ಎತ್ತರದ ಬಿಲ್ಲನ್ನೇರಿ, ನೆರೆದ ಜನಸ್ತೋಮವನ್ನು ಮೌನಗೊಳಿಸಿ, ಒಂದೇ ಒಂದು ನುಡಿಯನ್ನು ನುಡಿದು ಕೆಳಕ್ಕೆ ಧುಮುಕುತ್ತಾನೆ. ಆ ನುಡಿ ಒಗಟಿನಂತಿರುತ್ತದೆ. ಅದನ್ನು ಮಳೆಗೆ, ಬೆಳೆಗೆ, ಧಾರಣೆಗೆ, ಈಚೆಗೆ ರಾಜಕಾರಣಕ್ಕೆ ಅನ್ವಯಿಸಿ ಅರ್ಥೈಸುತ್ತಾರೆ. ಇಲ್ಲಿ ಕಾಲದ ಆಯ್ಕೆಯನ್ನು ಗಮನಿಸಬೇಕು. ಮಹಾನವಮಿಯ ವೇಳೆಗೆ ಮುಂಗಾರಿ ಬೆಳೆ ಹೊಲದಲ್ಲಿರುತ್ತದೆ. ಹಿಂಗಾರಿ ಜೋಳ, ಕಡಲೆಗಳ ಬಿತ್ತನೆ ಹತ್ತಿರ ಬಂದಿರುತ್ತದೆ. ಕೈಯಲ್ಲಿರುವ ಬೀಜವನ್ನು ಮಣ್ಣಿಗೆ ಹಾಕಬೇಕೋ, ಮನೆಗೆ ಉಳಿಸಿಕೊಳ್ಳಬೇಕೋ ಎಂಬುದು ಒಕ್ಕಲಿಗನ ಮುಂದಿರುವ ಪ್ರಶ್ನೆ. ಕಾರಣಿಕವು ಆ ಪ್ರಶ್ನೆಯ ಹೊತ್ತಿಗೆ ಸರಿಯಾಗಿ ಬರುವ ಮಾತು.

ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು ೬೦೦ರಿಂದ ೭೦೦ ಮಿಲಿಮೀಟರಿನಷ್ಟು ಮಳೆಯಾಗುತ್ತದೆ. ಅದೂ ಕೈಕೊಟ್ಟ ವರ್ಷಗಳ ನೆನಪು ಜನರಲ್ಲಿ ಆಳವಾಗಿ ಉಳಿದಿದೆ. ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮವನ್ನು ಕನ್ನಡಿಗರು ಸಂವತ್ಸರಗಳ ಹೆಸರಿನಿಂದ ‘ಧಾತು ಈಶ್ವರ ಬರ’ ಎಂದು ಕರೆದರು. ಮುಂಬಯಿ, ಮದರಾಸು ಪ್ರಾಂತಗಳಲ್ಲಿಯೂ ಮೈಸೂರು, ಹೈದರಾಬಾದು ಸಂಸ್ಥಾನಗಳಲ್ಲಿಯೂ ಅದು ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡಿತು. ಕ್ಷಾಮದ ಅನಂತರ, ೧೮೮೨ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆಯ ಮಾರ್ಗಗಳು ಈ ಭಾಗಕ್ಕೆ ಬಂದುದರ ಹಿಂದೆ ಕ್ಷಾಮನಿವಾರಣೆಯ ಉದ್ದೇಶವೂ ಇತ್ತು. ದೇವರಗುಡ್ಡದ ಹೆಸರಿನ ರೈಲು ನಿಲ್ದಾಣವು ಇಂದು ಹುಬ್ಬಳ್ಳಿಯಿಂದ ದಾವಣಗೆರೆಯ ಕಡೆಗೆ ಹೋಗುವ ಮಾರ್ಗದಲ್ಲಿದೆ. ಕಾಳು ಬರುವ ದಾರಿಯೂ ಅದೇ, ಹತ್ತಿ ಹೋಗುವ ದಾರಿಯೂ ಅದೇ. ೧೮೬೧ರಿಂದ ೧೮೬೫ರವರೆಗಿನ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಧಾರವಾಡ ಸೀಮೆಯ ಹತ್ತಿಗೆ ಏರಿದ ಬೆಲೆ, ಯುದ್ಧ ಮುಗಿಯುತ್ತಲೇ ಇಳಿದುಹೋಯಿತು. ಹೀಗೆ ದೂರದ ಪೇಟೆಯೊಂದು ಹೊಲದ ಬದುವಿನವರೆಗೆ ಬಂದುದು ಇಲ್ಲಿಯ ಸಾಲದ ಚರಿತ್ರೆಯ ಒಂದು ಮುಖ್ಯ ಘಟ್ಟ.

ಗೊರವ ಪರಂಪರೆಯಲ್ಲಿ ಹಸಿವಿಗೆ ಒಂದು ಆಚರಣಾತ್ಮಕ ರೂಪವೂ ಇದೆ. ಹರಕೆ ಹೊತ್ತು ದೀಕ್ಷೆ ಪಡೆದವನು ಭಿಕ್ಷೆ ಬೇಡಬೇಕು. ಭಿಕ್ಷೆ ಇಲ್ಲಿ ದಾರಿದ್ರ್ಯದ ಗುರುತಲ್ಲ, ವ್ರತ. ಉಳ್ಳವನೂ ಬೇಡುತ್ತಾನೆ. ದೋಣಿಸೇವೆಯಲ್ಲಿ ಗೊರವರು ತಮ್ಮ ದೋಣಿಗಳಲ್ಲಿ ಹಾಲು, ತುಪ್ಪ, ಬಾಳೆಹಣ್ಣು ಮುಂತಾದವನ್ನು ಇಟ್ಟುಕೊಂಡು, ದೈವದ ನಾಯಿಗಳೆಂಬ ಭಾವದಿಂದ ಬೊಗಳುತ್ತ ಬಾಯಿಯಿಂದಲೇ ತಿನ್ನುತ್ತಾರೆ. ಅವಮಾನದ ಸಂಕೇತವಾಗಬಹುದಾದುದು ಇಲ್ಲಿ ಸೇವೆಯಾಗಿ ಪರಿವರ್ತನೆಗೊಂಡಿದೆ. ಹಸಿವನ್ನು ಸಮುದಾಯವೇ ಹೊತ್ತು, ಅದಕ್ಕೊಂದು ಗೌರವದ ಸ್ಥಾನವನ್ನು ಕೊಟ್ಟ ಬಗೆಯಿದು.

೩. ಚಿತ್ರಕ್ಕೆ ಮುಂಚಿನ ಚಿತ್ರಗಳು

ಕನ್ನಡ ವಾಕ್ಚಿತ್ರದ ಆರಂಭ ೧೯೩೪ರ ‘ಸತಿ ಸುಲೋಚನ’ದಿಂದ. ಮುಂದಿನ ಸುಮಾರು ಮೂರು ದಶಕಗಳ ಕಾಲ ನಮ್ಮ ಚಿತ್ರಗಳಲ್ಲಿ ಕುಟುಂಬದ ಕಷ್ಟ ಪುರಾಣದ ಉಡುಪಿನಲ್ಲಿಯೇ ಹೆಚ್ಚಾಗಿ ಕಾಣಿಸಿಕೊಂಡಿತು. ೧೯೫೪ರ ‘ಬೇಡರ ಕಣ್ಣಪ್ಪ’ ಮತ್ತು ೧೯೬೫ರ ‘ಸತ್ಯ ಹರಿಶ್ಚಂದ್ರ’ ಇದಕ್ಕೆ ಒಳ್ಳೆಯ ನಿದರ್ಶನಗಳು. ಹರಿಶ್ಚಂದ್ರನು ರಾಜ್ಯವನ್ನು ಕಳೆದುಕೊಂಡು, ಹೆಂಡತಿ ಮಕ್ಕಳನ್ನು ಮಾರಿ, ಮಸಣ ಕಾಯುತ್ತಾನೆ. ಆದರೆ ಆ ಬಡತನ ಒಂದು ಪರೀಕ್ಷೆ. ಪರೀಕ್ಷಿಸುವವನೊಬ್ಬನು ಮೇಲಿದ್ದಾನೆ, ಕಡೆಯಲ್ಲಿ ಕಳೆದುಹೋದುದೆಲ್ಲ ಮರಳಿ ಬರುತ್ತದೆ. ಕಂಪನಿ ನಾಟಕಗಳಿಂದ ಬಂದ ಈ ರಚನೆಗೆ ಜನಪದ ಕಥನಗಳ ಬೆಂಬಲವೂ ಇತ್ತು. ಆದುದರಿಂದ ಅದನ್ನು ಕೇವಲ ಪಲಾಯನವೆಂದು ತಳ್ಳಿಹಾಕುವಂತಿಲ್ಲ. ಕಷ್ಟಕ್ಕೆ ಕೊನೆಯಿದೆ ಎಂಬ ಭರವಸೆಯೂ ಜನರ ಬೇಡಿಕೆಯೇ.

ಭಾರತದ ಇತರ ಭಾಷೆಗಳಲ್ಲಿ ೧೯೫೦ರ ದಶಕದಲ್ಲಿಯೇ ಬೇರೊಂದು ಧಾಟಿ ಮೂಡಿತ್ತು. ಬಿಮಲ್ ರಾಯ್ ಅವರ ‘ದೋ ಬಿಘಾ ಜಮೀನ್’ (೧೯೫೩), ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ (೧೯೫೫), ಮೆಹಬೂಬ್ ಖಾನರ ‘ಮದರ್ ಇಂಡಿಯಾ’ (೧೯೫೭) ಗ್ರಾಮೀಣ ಕುಟುಂಬದ ಸಂಕಷ್ಟವನ್ನು ಪುರಾಣದ ಆಸರೆಯಿಲ್ಲದೆ ಹೇಳಿದವು. ಇವುಗಳಲ್ಲಿ ಮೊದಲನೆಯದರ ಮತ್ತು ಕೊನೆಯದರ ಕಥೆ ಸಾಲದಿಂದ ಹುಟ್ಟುತ್ತದೆ. ಶಂಭುವಿಗೆ ಎರಡು ಬಿಘಾ ಭೂಮಿಯಿದೆ, ಅದು ಕೈಬಿಡುವ ಭಯವಿದೆ. ರಾಧೆಯ ಅತ್ತೆ ಅಡವಿಟ್ಟ ಭೂಮಿ ಸಾಹುಕಾರನ ಹಿಡಿತಕ್ಕೆ ಸಿಕ್ಕಿದೆ. ಇಬ್ಬರೂ ಭೂಮಿಯನ್ನು ಹೊಂದಿದ್ದು ಕಳೆದುಕೊಳ್ಳುವವರು ಎಂಬುದನ್ನು ಇಲ್ಲಿ ಮನಗಾಣಬೇಕು.

ಕನ್ನಡದಲ್ಲಿ ೧೯೭೪ರಲ್ಲಿ ಸಿದ್ಧಲಿಂಗಯ್ಯನವರು ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆಯನ್ನು ಆಧರಿಸಿ ‘ಭೂತಯ್ಯನ ಮಗ ಅಯ್ಯು’ ಚಿತ್ರವನ್ನು ಮಾಡಿದರು. ಸಾಲ ಕೊಟ್ಟು ಊರನ್ನೇ ಹಿಡಿತದಲ್ಲಿಟ್ಟುಕೊಂಡ ಭೂತಯ್ಯ, ಅವನ ಮೇಲಣ ಊರಿನ ಸಿಟ್ಟು, ಕಡೆಗೆ ಹಗೆಯನ್ನು ಕರಗಿಸುವ ಸಾಮರಸ್ಯ ಅದರ ವಸ್ತು. ಇಲ್ಲಿ ಪರಿಹಾರವು ದೇವರಿಂದ ಬರುವುದಿಲ್ಲ, ಮನುಷ್ಯರ ಮನಃಪರಿವರ್ತನೆಯಿಂದ ಬರುತ್ತದೆ. ಮರುವರ್ಷ ಬಂದ ‘ಚೋಮನ ದುಡಿ’ಯಲ್ಲಿ ಈ ಎರಡು ಪರಿಹಾರಗಳೂ ಇಲ್ಲ.

೪. ‘ಚೋಮನ ದುಡಿ’: ಮಳೆಯ ನಾಡಿನ ಹಸಿವು

ಕೆ. ಶಿವರಾಮ ಕಾರಂತರ ‘ಚೋಮನ ದುಡಿ’ ಕಾದಂಬರಿ ೧೯೩೩ರಲ್ಲಿ ಪ್ರಕಟವಾಯಿತು. ನಾಲ್ಕು ದಶಕಗಳ ಅನಂತರ ಅದು ಚಲನಚಿತ್ರವಾಯಿತು. ೧೯೭೫ರ ಸಾಲಿನ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರಕ್ಕಾಗಿ ನೀಡುವ ಸ್ವರ್ಣಕಮಲ ಅದಕ್ಕೆ ಸಂದಿತು. ಚೋಮನ ಪಾತ್ರ ವಹಿಸಿದ ಎಂ. ವಿ. ವಾಸುದೇವರಾಯರು ಅತ್ಯುತ್ತಮ ನಟರೆನಿಸಿದರು. ಅವರೇ ೧೯೭೭ರಲ್ಲಿ ಮೃಣಾಲ್ ಸೇನ್ ಅವರ ತೆಲುಗು ಚಿತ್ರ ‘ಒಕ ಊರಿ ಕಥ’ದಲ್ಲಿಯೂ ಮುಖ್ಯ ಪಾತ್ರ ವಹಿಸಿದರು. ಪ್ರೇಮಚಂದರ ‘ಕಫನ್’ ಕಥೆಯನ್ನು ಆಧರಿಸಿದ ಆ ಚಿತ್ರದ ವಸ್ತುವೂ ಹಳ್ಳಿಯ ಕಡುಬಡತನವೇ.

ಚೋಮನು ಅಂದಿನ ಸಮಾಜ ಅಸ್ಪೃಶ್ಯನೆಂದು ಹೊರಗಿಟ್ಟ ಜೀತದಾಳು. ಅವನಿಗೆ ಇರುವುದು ಒಂದೇ ಬಯಕೆ: ಒಂದು ತುಂಡು ಭೂಮಿಯನ್ನು ಗೇಣಿಗೆ ಪಡೆದು ತಾನೇ ಬೇಸಾಯ ಮಾಡಬೇಕು. ಕಾಡಿನಲ್ಲಿ ಸಿಕ್ಕ ಜೋಡಿ ಎತ್ತುಗಳು ಅವನಲ್ಲಿವೆ, ಅವನ್ನು ಮಾರಲು ಅವನು ಒಪ್ಪುವುದಿಲ್ಲ. ಆದರೆ ಅವನ ಜಾತಿಯವರು ಉಳುವಂತಿಲ್ಲ ಎಂಬುದು ಊರಿನ ಕಟ್ಟಲೆ. ಕಾಫಿ ತೋಟದ ಸಾಲ ತೀರಿಸಲು ಘಟ್ಟಕ್ಕೆ ಹೋದ ಇಬ್ಬರು ಮಕ್ಕಳಲ್ಲಿ ಒಬ್ಬನು ರೋಗಕ್ಕೆ ಬಲಿಯಾಗುತ್ತಾನೆ. ಇನ್ನೊಬ್ಬನು ಕ್ರೈಸ್ತ ಹೆಣ್ಣನ್ನು ಮದುವೆಯಾಗಿ ಆ ಮತಕ್ಕೆ ಸೇರುತ್ತಾನೆ. ಮಗಳು ಬೆಳ್ಳಿ ತೋಟಕ್ಕೆ ದುಡಿಯಲು ಹೋಗುತ್ತಾಳೆ; ಸಾಲ ತೀರಿತೆಂದು ಹಿಂದಿರುಗುತ್ತಾಳೆ, ಆದರೆ ಆ ಸಾಲಕ್ಕೆ ಅವಳು ತೆತ್ತುದು ತನ್ನ ದೇಹವನ್ನು. ನೀರಿನಲ್ಲಿ ಮುಳುಗುತ್ತಿರುವ ಕಿರಿಯ ಮಗನನ್ನು ಮುಟ್ಟಲಾಗದವನೆಂಬ ಕಾರಣಕ್ಕೆ ದಡದಲ್ಲಿದ್ದವರು ಎತ್ತುವುದಿಲ್ಲ. ಮತಾಂತರಗೊಂಡರೆ ಭೂಮಿ ಸಿಗುತ್ತದೆಂಬ ಆಸೆಯಿಂದ ಹೊರಟ ಚೋಮನು ತನ್ನ ದೈವ ಪಂಜುರ್ಲಿಯನ್ನು ನೆನೆದು ಹಿಂದಿರುಗುತ್ತಾನೆ. ಕಡೆಗೆ ಎತ್ತುಗಳನ್ನು ಕಾಡಿಗೆ ಅಟ್ಟಿ, ಬಾಗಿಲು ಹಾಕಿಕೊಂಡು, ದುಡಿ ಬಾರಿಸುತ್ತಲೇ ಸಾಯುತ್ತಾನೆ.

ಬಯಲುಸೀಮೆಯ ಓದುಗನಿಗೆ ಈ ಕಥೆಯಲ್ಲಿ ಮೊದಲು ವಿಚಿತ್ರವೆನಿಸುವುದು ಮಳೆಯ ಸಮೃದ್ಧಿ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ೩,೫೦೦ ಮಿಲಿಮೀಟರಿಗೂ ಮಿಗಿಲಾದ ಮಳೆಯಾಗುತ್ತದೆ, ಅಂದರೆ ರಾಣೆಬೆನ್ನೂರು ಸೀಮೆಯ ಐದು ಪಟ್ಟು. ಗದ್ದೆಗಳು ಹಸಿರಾಗಿವೆ, ಹೊಳೆಗಳು ತುಂಬಿವೆ, ತೋಟಗಳಿವೆ. ಆದರೂ ಚೋಮನ ಗುಡಿಸಲಿನಲ್ಲಿ ಹಸಿವಿದೆ. ದೇವರಗುಡ್ಡದ ಬಿಲ್ಲಿನ ಕೆಳಗೆ ನಿಂತ ರೈತನು ‘ಮಳೆ ಬರುತ್ತದೆಯೇ?’ ಎಂದು ಕೇಳುತ್ತಾನೆ. ಚೋಮನಿಗೆ ಆ ಪ್ರಶ್ನೆಯೇ ಇಲ್ಲ. ಅವನ ಪ್ರಶ್ನೆ ‘ಯಾರು ಉಳಬಹುದು?’ ಎಂಬುದು. ಇವೆರಡು ಪ್ರಶ್ನೆಗಳ ನಡುವಣ ಅಂತರವೇ ನಮ್ಮ ಗ್ರಾಮೀಣ ಬಡತನದ ಚರಿತ್ರೆಯ ಎರಡು ಕವಲುಗಳು. ಮೊದಲನೆಯದರಲ್ಲಿ ಬಡತನವು ಪ್ರಕೃತಿಯ ಮುನಿಸು, ಎರಡನೆಯದರಲ್ಲಿ ಅದು ಹಕ್ಕಿನ ನಿರಾಕರಣೆ.

ಉತ್ತರ ಭಾರತದ ಚಿತ್ರಗಳೊಡನೆ ಹೋಲಿಸಿದಾಗ ಈ ಅಂಶ ಇನ್ನಷ್ಟು ಸ್ಪಷ್ಟವಾಗುತ್ತದೆ. ಶಂಭು ಮತ್ತು ರಾಧೆ ಭೂಮಿಯನ್ನು ಉಳಿಸಿಕೊಳ್ಳಲು ಹೋರಾಡಿದರು. ಚೋಮನಿಗೆ ಕಳೆದುಕೊಳ್ಳುವುದಕ್ಕೂ ಭೂಮಿಯಿಲ್ಲ. ಅವನಲ್ಲಿರುವುದು ಎತ್ತು, ತೋಳು ಮತ್ತು ಆಸೆ. ಹೀಗಾಗಿ ಈ ಚಿತ್ರದ ಕೇಂದ್ರದಲ್ಲಿ ಸಾಹುಕಾರನ ಖಳತನವಿಲ್ಲ. ಒಬ್ಬ ಒಡೆಯನು ಒಳ್ಳೆಯವನಾದರೂ ಮುರಿಯಲಾರದ ಒಂದು ವ್ಯವಸ್ಥೆಯಿದೆ.

೫. ಕಾಯಿದೆಗಳ ಕನ್ನಡಿಯಲ್ಲಿ ಚೋಮ

ಚಿತ್ರವು ತೆರೆಗೆ ಬಂದ ಕಾಲವನ್ನು ಚರಿತ್ರೆಕಾರನು ಮರೆಯಬಾರದು. ೧೮೪೩ರ ಕಾಯಿದೆಯು ಬ್ರಿಟಿಷ್ ಭಾರತದಲ್ಲಿ ಗುಲಾಮಗಿರಿಗೆ ಇದ್ದ ಕಾನೂನಿನ ಮನ್ನಣೆಯನ್ನು ತೆಗೆದುಹಾಕಿತ್ತು. ಆದರೆ ಸಾಲದ ಮೂಲಕ ಮುಂದುವರಿದ ಜೀತಕ್ಕೆ ಅದರಿಂದ ತಡೆಯಾಗಲಿಲ್ಲ. ಬದಲಾಗಿ, ೧೮೫೯ರ ಇನ್ನೊಂದು ಕಾಯಿದೆಯು ಮುಂಗಡ ಪಡೆದು ಕೆಲಸ ಬಿಟ್ಟ ಕೂಲಿಯಾಳನ್ನು ಶಿಕ್ಷಿಸಲು ಅವಕಾಶ ಮಾಡಿಕೊಟ್ಟಿತು. ಅದು ೧೯೨೦ರ ದಶಕದವರೆಗೂ ಉಳಿದಿತ್ತು. ತೋಟದ ಮುಂಗಡವು ಚೋಮನ ಮನೆಯವರನ್ನು ಒಬ್ಬೊಬ್ಬರನ್ನಾಗಿ ಎಳೆದುಕೊಂಡುದರ ಹಿಂದೆ ಇಂತಹ ದೀರ್ಘ ಚರಿತ್ರೆಯಿದೆ.

ಕರ್ನಾಟಕದ ಭೂಸುಧಾರಣಾ ಕಾಯಿದೆಗೆ ತಂದ ಮಹತ್ವದ ತಿದ್ದುಪಡಿ ೧೯೭೪ರ ಮಾರ್ಚ್ ೧ರಂದು ಜಾರಿಗೆ ಬಂತು. ಡಿ. ದೇವರಾಜ ಅರಸರು ಆಗ ಮುಖ್ಯಮಂತ್ರಿಗಳು. ಗೇಣಿಗೆ ಕೊಟ್ಟ ಭೂಮಿ ಸರಕಾರದಲ್ಲಿ ನಿಹಿತವಾಗಿ, ಉಳುತ್ತಿದ್ದ ಗೇಣಿದಾರನು ನಮೂನೆ ೭ರಲ್ಲಿ ಅರ್ಜಿ ಸಲ್ಲಿಸಿ ಒಡೆತನ ಪಡೆಯುವ ಅವಕಾಶವಾಯಿತು. ಇದರ ಫಲವನ್ನು ಹೆಚ್ಚಾಗಿ ಕಂಡ ಪ್ರದೇಶಗಳಲ್ಲಿ ಗೇಣಿ ಪದ್ಧತಿ ವ್ಯಾಪಕವಾಗಿದ್ದ ದಕ್ಷಿಣ ಕನ್ನಡವೂ ಒಂದು. ಮರುವರ್ಷ ಜುಲೈಯಲ್ಲಿ ಘೋಷಿತವಾದ ಇಪ್ಪತ್ತು ಅಂಶಗಳ ಕಾರ್ಯಕ್ರಮದಲ್ಲಿ ಜೀತವಿಮುಕ್ತಿ ಸೇರಿತು. ೧೯೭೫ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ, ೧೯೭೬ರಲ್ಲಿ ಜೀತಪದ್ಧತಿ ರದ್ದತಿ ಕಾಯಿದೆ ಬಂದವು. ಎಂದರೆ, ಜೀತವು ಕಾನೂನಿನ ಪುಟಗಳಲ್ಲಿ ರದ್ದಾದ ವರ್ಷದಲ್ಲಿಯೇ ಜೀತದಾಳಿನ ಕಥೆ ತೆರೆಯ ಮೇಲೆ ಬಂತು.

ಇಲ್ಲಿ ಒಂದು ಪ್ರಶ್ನೆಯನ್ನು ಹಾಕಿಕೊಳ್ಳಬೇಕಾಗಿದೆ. ೧೯೭೪ರಲ್ಲಿ ಚೋಮನು ಬದುಕಿದ್ದರೆ ಅವನಿಗೆ ಭೂಮಿ ಸಿಗುತ್ತಿತ್ತೇ? ನಮೂನೆ ೭ ಗೇಣಿದಾರನಿಗಾಗಿ ಇದ್ದುದು. ಚೋಮನು ಗೇಣಿದಾರನಾಗುವುದನ್ನೇ ಜಾತಿ ತಡೆದಿತ್ತು. ಗೇಣಿಯೇ ಇಲ್ಲದವನು ಗೇಣಿಯ ಆಧಾರದ ಮೇಲೆ ಒಡೆತನವನ್ನು ಕೇಳುವಂತಿರಲಿಲ್ಲ. ಕೃಷಿ ಕೂಲಿಕಾರನಿಗೆ ಕಾಯಿದೆಯು ಮುಖ್ಯವಾಗಿ ಕೊಟ್ಟುದು ತಾನು ವಾಸಿಸುತ್ತಿದ್ದ ಮನೆಯ ನಿವೇಶನದ ಹಕ್ಕನ್ನು. ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆಯಲ್ಲಿ, ಉಳಲು ಬಿಡದೆ ಇಟ್ಟವನ ಜಾಗ ಎಲ್ಲಿ ಎಂಬುದನ್ನು ಈ ಚಿತ್ರವು ಉದ್ದೇಶಪೂರ್ವಕವಾಗಿಯೋ ಅಲ್ಲದೆಯೋ ಕೇಳುತ್ತದೆ. ಯಾವ ಕಂದಾಯ ದಾಖಲೆಯೂ ಈ ಪ್ರಶ್ನೆಯನ್ನು ಇಷ್ಟು ಸ್ಪಷ್ಟವಾಗಿ ನಮ್ಮ ಮುಂದಿಡಲಾರದು. ಚಲನಚಿತ್ರವನ್ನು ಆಕರವಾಗಿ ಪರಿಗಣಿಸಬೇಕೆನ್ನುವುದು ಈ ಅರ್ಥದಲ್ಲಿ. ಅದು ಘಟನೆಗೆ ಸಾಕ್ಷಿಯಲ್ಲದಿರಬಹುದು, ಆದರೆ ದಾಖಲೆಗಳಲ್ಲಿ ಬಿಟ್ಟುಹೋದ ಸ್ಥಳವನ್ನು ಗುರುತಿಸಿ ತೋರಿಸುತ್ತದೆ.

ಹಾಗೆಂದು ಚಿತ್ರದ ಮಿತಿಗಳನ್ನು ಮರೆಯುವಂತಿಲ್ಲ. ಕಾದಂಬರಿಯೂ ಚಿತ್ರವೂ ಚೋಮನನ್ನು ಹೊರಗಿನಿಂದ, ಮರುಕದ ಕಣ್ಣಿನಿಂದ ಕಂಡವು. ದಲಿತ ಸಂಘಟನೆ ಮತ್ತು ದಲಿತ ಸಾಹಿತ್ಯ ಕನ್ನಡದಲ್ಲಿ ಅದೇ ೧೯೭೦ರ ದಶಕದಲ್ಲಿ ರೂಪು ತಳೆಯುತ್ತಿದ್ದವು. ಅಲ್ಲಿ ಕೇಳಿಬಂದ ದನಿ ಮರುಕವನ್ನು ಬೇಡದೆ ಹಕ್ಕನ್ನು ಕೇಳಿತು. ಬೆಳ್ಳಿಯ ದುರಂತವೂ ತಂದೆಯ ದುರಂತದ ಒಂದು ಭಾಗವಾಗಿಯೇ ನಿರೂಪಿತವಾಗಿದೆ. ಸಾಲವನ್ನು ನಿಜವಾಗಿ ತೀರಿಸಿದವಳು ಅವಳು, ಮನೆಯಿಂದ ಹೊರಗೆ ಅಟ್ಟಿಸಿಕೊಂಡವಳೂ ಅವಳೇ. ಬಡತನದ ಭಾರ ಕುಟುಂಬದ ಒಳಗೆ ಸಮನಾಗಿ ಹಂಚಿಕೆಯಾಗುವುದಿಲ್ಲ ಎಂಬ ಸತ್ಯವನ್ನು ಚಿತ್ರ ತೋರಿಸುತ್ತದೆ, ಆದರೆ ಅದರ ಮೇಲೆ ನಿಲ್ಲುವುದಿಲ್ಲ.

೬. ವಾದ್ಯ ಮತ್ತು ಅದರ ಮನೆ

‘ದುಡಿ’ ಎಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳಿವೆ. ನಾಮಪದವಾಗಿ ಅದು ಚರ್ಮವಾದ್ಯ, ಕ್ರಿಯಾಪದವಾಗಿ ಶ್ರಮಿಸು. ಚೋಮನು ಹಗಲೆಲ್ಲ ಒಡೆಯನಿಗಾಗಿ ದುಡಿಯುತ್ತಾನೆ, ಇರುಳು ತನಗಾಗಿ ದುಡಿ ಬಾರಿಸುತ್ತಾನೆ. ಮೊದಲನೆಯದಕ್ಕೆ ಬೆಲೆ ಕಟ್ಟುವವನು ಒಡೆಯ. ಎರಡನೆಯದಕ್ಕೆ ಯಾರೂ ಬೆಲೆ ಕಟ್ಟಲಾರರು. ಬಿ. ವಿ. ಕಾರಂತರು ರಂಗಸಂಗೀತದಲ್ಲಿ ಪಳಗಿದವರು. ಚಿತ್ರಕ್ಕೆ ಸಂಗೀತವನ್ನೂ ಅವರೇ ನೀಡಿದರು. ವಾದ್ಯವನ್ನು ಅವರು ಹಿನ್ನೆಲೆಯ ಅಲಂಕಾರವಾಗಿ ಬಳಸದೆ ಚೋಮನ ಮಾತಾಗಿ ಬಳಸಿದ್ದಾರೆ. ಮನೆಯಲ್ಲಿ ಅಂಬಲಿ ಇಲ್ಲದ ಹೊತ್ತಿನಲ್ಲಿಯೂ, ಮಗ ಸತ್ತ ಹೊತ್ತಿನಲ್ಲಿಯೂ ಕೇಳಿಬರುವ ನಾದವದು.

ದೇವರಗುಡ್ಡದ ಡಮರುಗವನ್ನು ನಾವು ಹೇಗೆ ಕೇಳಿದ್ದೇವೆ? ಗೊರವರ ಕುಣಿತವು ಇಂದು ಉತ್ಸವಗಳ ಮೆರವಣಿಗೆಗಳಲ್ಲಿ, ಸರಕಾರಿ ಸಮಾರಂಭಗಳಲ್ಲಿ ಪರಿಚಿತವಾದ ಕಲೆ. ನಮ್ಮ ಗ್ರಂಥಗಳು ಅದರ ವೇಷ, ಹೆಜ್ಜೆ, ವಾದ್ಯಗಳನ್ನು ವಿವರವಾಗಿ ದಾಖಲಿಸಿವೆ. ಅದು ಅಗತ್ಯವಾದ ಕೆಲಸವೇ. ಆದರೆ ಆ ಗೊರವನಿಗೆ ಎಷ್ಟು ಎಕರೆ ಹೊಲವಿದೆ, ಬರಗಾಲದಲ್ಲಿ ಅವನ ಮನೆಯವರು ಎಲ್ಲಿಗೆ ಗುಳೆ ಹೋದರು, ಯಾವ ಕಾಯಿಲೆಯ ಭಯದಿಂದ ಅವನ ತಾಯಿ ಅವನನ್ನು ಹರಕೆಗೆ ಒಪ್ಪಿಸಿದಳು ಎಂಬ ಪ್ರಶ್ನೆಗಳಿಗೆ ಅಷ್ಟೇ ಪ್ರಮಾಣದ ಉತ್ತರ ನಮ್ಮ ಅಧ್ಯಯನಗಳಲ್ಲಿ ಸಿಗುವುದಿಲ್ಲ. ಕುಣಿತವನ್ನು ಕಂಡೆವು, ಕುಣಿಯುವವನ ಒಲೆಯನ್ನು ಕಾಣಲಿಲ್ಲ. ಚಲನಚಿತ್ರವು ದುಡಿಯನ್ನು ವೇದಿಕೆಯಿಂದ ಇಳಿಸಿ ಅದರ ಮನೆಗೆ ಮರಳಿಸಿತು. ಜಾನಪದ ಅಧ್ಯಯನವು ಅದರಿಂದ ಕಲಿಯಬೇಕಾದ ವಿಧಾನ ಇದು.

ಪರಂಪರೆಯು ಚಿತ್ರಕ್ಕೆ ಕಲಿಸಬಹುದಾದುದೂ ಇದೆ. ಚೋಮನು ಒಬ್ಬನೇ ಸಾಯುತ್ತಾನೆ. ಅವನ ದುಡಿಗೆ ಮರುದನಿಯಿಲ್ಲ. ಗೊರವನ ಡಮರುಗಕ್ಕೆ ‘ಏಳುಕೋಟಿ’ಯ ಉದ್ಘೋಷದಿಂದ ಉತ್ತರಿಸುವ ಸಾವಿರಾರು ಜನರಿದ್ದಾರೆ. ಕಾರಣಿಕದ ನುಡಿ ಒಬ್ಬನ ಬಾಯಿಂದ ಬಂದರೂ ಅರ್ಥೈಸುವುದು ಊರೂರುಗಳ ಕಟ್ಟೆಗಳಲ್ಲಿ ಕುಳಿತ ಜನ. ಕಷ್ಟವನ್ನು ಒಟ್ಟಾಗಿ ಎದುರುನೋಡುವ, ಒಟ್ಟಾಗಿ ಮಾತಾಡಿಕೊಳ್ಳುವ ಈ ಶಕ್ತಿಯನ್ನು ಏಕಾಂಗಿ ನಾಯಕನ ದುರಂತವನ್ನು ಹೇಳುವ ಆಧುನಿಕ ಕಥನಗಳು ಬಹುಮಟ್ಟಿಗೆ ಕೈಬಿಟ್ಟಿವೆ. ಆದರೆ ಈ ಸಾಮೂಹಿಕತೆಯನ್ನೂ ಅತಿಯಾಗಿ ವೈಭವೀಕರಿಸಬಾರದು. ಭಿಕ್ಷೆಯನ್ನು ವ್ರತವಾಗಿಸಿದ ಪರಂಪರೆ ಹಸಿದವನ ಮಾನವನ್ನು ಕಾಯಿತು ನಿಜ; ಅವನು ಯಾಕೆ ಹಸಿದ ಎಂಬ ಪ್ರಶ್ನೆಯನ್ನು ಅದು ಮಳೆರಾಯನಿಗೆ ಒಪ್ಪಿಸಿಬಿಟ್ಟಿತು.

೭. ಸಮಾರೋಪ

ಇದುವರೆಗಿನ ಚರ್ಚೆಯಿಂದ ಕೆಲವು ನಿಲುವುಗಳಿಗೆ ಬರಬಹುದು. ಮೊದಲನೆಯದಾಗಿ, ಗ್ರಾಮೀಣ ಬಡತನವನ್ನು ಮಳೆಯ ಅಭಾವವೊಂದರಿಂದಲೇ ವಿವರಿಸುವ ರೂಢಿಯನ್ನು ‘ಚೋಮನ ದುಡಿ’ ಅಲುಗಾಡಿಸುತ್ತದೆ. ಬಯಲುಸೀಮೆಯ ಬರಗಾಲಗಳ ಅಧ್ಯಯನಕ್ಕೂ ಈ ಎಚ್ಚರ ಬೇಕು. ಧಾತು ಈಶ್ವರ ಬರದಲ್ಲಿ ಮಳೆ ಎಲ್ಲರ ಹೊಲಕ್ಕೂ ತಪ್ಪಿತು. ಆದರೆ ಸಾವು ಎಲ್ಲರ ಮನೆಗೂ ಒಂದೇ ಬಗೆಯಾಗಿ ಬರಲಿಲ್ಲ. ಕಣಜವಿದ್ದವನು ಉಳಿದನು, ಕೂಲಿಯನ್ನೇ ನಂಬಿದವನು ಮೊದಲು ಕುಸಿದನು. ಎರಡನೆಯದಾಗಿ, ಚಲನಚಿತ್ರ, ಕಾಯಿದೆ ಮತ್ತು ಆಚರಣೆ ಈ ಮೂರನ್ನೂ ಒಟ್ಟಿಗೆ ಇಟ್ಟು ಓದಿದಾಗ ಮಾತ್ರ ಭೂಹೀನರ ಚರಿತ್ರೆಯ ರೂಪರೇಖೆ ಗೋಚರಿಸುತ್ತದೆ. ಒಂದೊಂದೇ ಆದರೆ ಅವು ಅಪೂರ್ಣ. ಮೂರನೆಯದಾಗಿ, ಜನಪದ ವಾದ್ಯಗಳ ಅಧ್ಯಯನವು ಅವುಗಳ ರಚನೆ ಮತ್ತು ಲಯಗಳ ಆಚೆಗೆ, ಅವನ್ನು ನುಡಿಸುವವರ ಭೂಮಿ, ಸಾಲ, ವಲಸೆಗಳ ವಿವರಗಳವರೆಗೆ ವಿಸ್ತರಿಸಬೇಕು.

ದೇವರಗುಡ್ಡದ ಪರಿಸರದಲ್ಲಿ ಇಂತಹ ಕ್ಷೇತ್ರಕಾರ್ಯಕ್ಕೆ ಈಗಲೂ ಅವಕಾಶವಿದೆ. ಹಿರಿಯ ಗೊರವರ ಮನೆತನಗಳ ನೆನಪಿನಲ್ಲಿ ೧೯೭೨ರ ಬರಗಾಲ, ಭೂನ್ಯಾಯಮಂಡಳಿಗಳ ಕಾಲ, ಗುಳೆ ಹೋದ ಊರುಗಳ ಹೆಸರು ಇವೆಲ್ಲವೂ ಹಾಡುಗಳ ಜೊತೆಗೆ ಹೆಣೆದುಕೊಂಡಿರುತ್ತವೆ. ಹಾಡನ್ನು ಬರೆದುಕೊಳ್ಳುವ ಸಂಶೋಧಕನು ಹಾಡು ನಿಂತ ಮೇಲೆ ಬರುವ ಮಾತನ್ನೂ ಬರೆದುಕೊಳ್ಳಬೇಕು. ಆ ತಲೆಮಾರು ತೀರಿಹೋದ ಮೇಲೆ ಡಮರುಗ ವಸ್ತುಸಂಗ್ರಹಾಲಯದಲ್ಲಿ ಉಳಿಯಬಹುದು, ಆದರೆ ಅದನ್ನು ನುಡಿಸಿದ ಮನೆಯ ಚರಿತ್ರೆ ಉಳಿಯುವುದಿಲ್ಲ.